ವೃಷಭಾವತಿಗೆ ಬಾಗಿನ

ಕತ್ರಿಗುಪ್ಪೆಯ ಮುನಿಲಕ್ಷ್ಮಮ್ಮನಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಹಿತ್ತಲಲ್ಲಿ ಬಾಯಿ ತೆರೆದುಕೊಂಡು ಕೂತಿದ್ದ ಬಚ್ಚಲಗುಂಡಿಯನ್ನು ಮುಚ್ಚಬೇಕು, ಅದರ ಮೇಲೆ ಕನಕಾಂಬರ ಹಾಕಬೇಕು, ಅಷ್ಟೇ. ಆದರೆ ಆ ಗುಂಡಿ ಗಂಡನ ಪಿತ್ರಾರ್ಜಿತ. ಹೊಲಗದ್ದೆಯೆಲ್ಲ ಸೈಟುಗಳಾಗಿ ಹೋದ ಮೇಲೆ, "ಇದು ನಮ್ಮಪ್ಪ ತೋಡಿದ್ದು" ಎಂದು ತೋರಿಸಲು ತಿಮ್ಮರಾಯಪ್ಪನಿಗೆ ಉಳಿದಿದ್ದು ಅದೊಂದೇ. (ಅದನ್ನೂ ಮೂಗು ಮುಚ್ಚಿಕೊಂಡೇ ತೋರಿಸುತ್ತಿದ್ದ.)

ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಅವರ ಬೀದಿಗೆ ಒಳಚರಂಡಿ ಬಂತು. ಬೀದಿ ಅಗೆದು ಪೈಪು ಇಳಿಸುವುದನ್ನು ಮುನಿಲಕ್ಷ್ಮಮ್ಮ ಸೊಪ್ಪು ಸೋಸುವ ನೆವದಲ್ಲಿ ಜಗಲಿಯ ಮೇಲೆ ಕೂತು ದಿನವೂ ನೋಡಿದಳು. ಕೊನೆಗೆ ತಡೆಯಲಾರದೆ ಮೇಸ್ತ್ರಿ ಪಾಪಯ್ಯನನ್ನು ಕೇಳಿಯೇಬಿಟ್ಟಳು.

"ಇದಕ್ಕೆ ಬಿಟ್ಟ ನೀರು ಎಲ್ಲಿಗೆ ಹೋಗ್ತದಪ್ಪ?"

"ದೊಡ್ಡ ಪೈಪಿಗೆ, ಅಮ್ಮಾ."

"ಅಲ್ಲಿಂದ?"

"ಅದಕ್ಕಿಂತ ದೊಡ್ಡದಕ್ಕೆ."

"ಅಲ್ಲಿಂದ?"

ಇದು ಬೇಗ ಮುಗಿಯುವ ಮಾತಲ್ಲ ಎಂದು ಪಾಪಯ್ಯ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ಊರಾಚೆ ತೊಟ್ಟಿ ಕಟ್ಟವ್ರೆ. ಅಲ್ಲಿ ಕೊಳೆ ಇಳಿಸಿ, ತಿಳಿನೀರು ಮಾಡಿ ವೃಷಭಾವತಿ ಹೊಳೆಗೆ ಬಿಡ್ತಾರೆ. ಈಗ ಊರಿನ ಗಲೀಜೆಲ್ಲ ಮೋರಿ ಹಿಡ್ಕಂಡು ಸೀದಾ ಹೊಳೆಗೇ ಬೀಳ್ತಾ ಐತೆ. ನಿಮ್ಮ ಗುಂಡಿ ತುಂಬಿ ಹರಿದಿದ್ದೂ ಅಲ್ಲಿಗೇಯ."

ಮುನಿಲಕ್ಷ್ಮಮ್ಮನಿಗೆ ಚುರುಕ್ಕೆಂದಿತು. ಮದುವೆಯಾಗಿ ಬಂದ ಹೊಸದರಲ್ಲಿ ಅದೇ ಹೊಳೆಯಲ್ಲಿ ಗೌರಿಹಬ್ಬಕ್ಕೆ ಬಾಗಿನ ಬಿಟ್ಟವಳು ಅವಳು. ಈಗ ಎರಡು ಕೈಯಲ್ಲಿ ಬಾಗಿನ ಹಿಡಿದು ದಂಡೆಗೆ ಹೋದರೆ ಮೂಗು ಹಿಡಿಯಲು ಮೂರನೇ ಕೈ ಬೇಕು.

"ಹೊಳೆ ಚೊಕ್ಕಟ ಆಗ್ತದಂತೆ. ನಾವೂ ಪೈಪಿಗೆ ಸೇರಿಸ್ಕೊಳ್ಳಾನ," ಎಂದಳು ಗಂಡನಿಗೆ.

"ಹೊಳೆ ಚೊಕ್ಕಟ ಮಾಡಕ್ಕೆ ನನ್ನ ಗುಂಡೀನೇ ಬೇಕಾಗಿತ್ತಾ? ಲೇ, ಪೈಪಿಗೆ ಬಿಟ್ಟಿದ್ದು ಒಂದಿನ ವಾಪಸ್ ಬಂದೇ ಬರ್ತದೆ."

"ಹೂಂ, ನಿಮ್ಮ ಅಕ್ಕಯ್ಯ ಬರ್ತಾರಲ್ಲ, ಹಂಗೆ."

"ಅವಳ ವಿಷ್ಯ ಬೇಡ. ವಾಪಸ್ ಬಂದ್ರೆ ಏನ್ಮಾಡ್ತೀಯ, ಹೇಳು."

"ಬಂದ್ರೆ ಕನಕಾಂಬರ ಕಿತ್ತು, ಆ ಗುಂಡೀನ ನನ್ನ ಕೈಯಾರೆ ತೋಡಿಕೊಡ್ತೀನಿ. ಸಾಕಾ?"

ಈ ಶಪಥಕ್ಕೆ ಪಕ್ಕದ ಬಾಡಿಗೆಮನೆಯ ಪಾರ್ವತಮ್ಮ ಸಾಕ್ಷಿ. (ಕರೆದಿರಲಿಲ್ಲ, ತಾನಾಗಿ ಬಂದಿದ್ದಳು.)

ಗುಂಡಿ ಮುಚ್ಚಿತು, ಕನಕಾಂಬರ ಹೂಬಿಟ್ಟಿತು. ತಿಮ್ಮರಾಯಪ್ಪ ಮಾತ್ರ ದಿನಾ ಸ್ನಾನ ಮುಗಿಸಿ ಬಚ್ಚಲಲ್ಲೇ ನಿಂತು ನೀರು ಇಳಿಯುವುದನ್ನು ನೋಡುತ್ತಿದ್ದ. ಅದು ಸರಾಗವಾಗಿ ಇಳಿದರೆ ಅವನ ಮುಖವೂ ಇಳಿಯುತ್ತಿತ್ತು.

ಗೌರಿಹಬ್ಬ ಬಂತು. ಮುನಿಲಕ್ಷ್ಮಮ್ಮ ಬಹಳ ಯೋಚಿಸಿದಳು. ಪಾಪಯ್ಯ ಹೇಳಿದ ಪ್ರಕಾರ ಮನೆ ಮುಂದೆ ಬಚ್ಚಲ ನೀರು ಪೈಪಿಗೆ ಸೇರುವ ಚೇಂಬರೂ ಹೊಳೆಯ ಬಾಗಿಲೇ ತಾನೆ? ನಡುದಾರಿಯಲ್ಲಿ ತೊಳೆದು ಬೇರೆ ಕಳಿಸುತ್ತಾರೆ. ಗಂಡ ಬಾಳೆಕಂದು ತರಲು ಹೋದ ಹೊತ್ತು ನೋಡಿ ಚೇಂಬರಿನ ಚಪ್ಪಡಿ ಸರಿಸಿದಳು, ತಲೆತುಂಬ ಸೆರಗು ಹೊದ್ದಳು, "ತಾಯಿ, ನಿನ್ನ ಮನೆ ಮುಟ್ಟಿಸ್ಕೋ" ಎಂದು ಕೈಮುಗಿದು ಶುರುಮಾಡಿದಳು.

ಅರಿಶಿನ ಕುಂಕುಮ ಸಲೀಸಾಗಿ ಹೋದವು. ಬಳೆ, ಬಾಚಣಿಗೆ ಹೋದವು. ಹಸಿರು ರವಿಕೆಕಣ ಸ್ವಲ್ಪ ಯೋಚನೆ ಮಾಡಿ ಹೋಯಿತು. ಪುಟ್ಟ ತೆಂಗಿನಕಾಯಿ ಗುಡುಗುಡು ಉರುಳಿತು. ಎಲ್ಲಿಯ ತನಕ ಹೋಯಿತೆಂದು ತಿಳಿಯುವ ಕುತೂಹಲಕ್ಕೆ ಬಗ್ಗಿ ಕಿವಿಗೊಟ್ಟಳು. ಬಹಳ ದೂರ ಹೋದ ಹಾಗೆ ಕೇಳಲಿಲ್ಲ. ಕೊನೆಗೆ ಗೇಣಗಲದ ಮೊರ. ಅದು ಹಟ ಹಿಡಿದಾಗ ಒಳಗಿನಿಂದ ಒನಕೆ ತಂದು ಭಕ್ತಿಯಿಂದ ಎರಡು ಕುಟ್ಟು ಕುಟ್ಟಿದಳು.

ಮಾರನೇ ಬೆಳಿಗ್ಗೆ, ಗಣೇಶನನ್ನು ಕೂರಿಸುವ ಮೊದಲೇ ಬಚ್ಚಲಿನಿಂದ ಕೂಗು ಕೇಳಿಸಿತು.

"ಲೇ, ನೀರು ಇಳೀತಾ ಇಲ್ಲ!"

ಗಂಡನ ದನಿಯಲ್ಲಿ ಅಷ್ಟು ಸಂತೋಷವನ್ನು ಅವಳು ಮಗಳ ಮದುವೆಯಲ್ಲೂ ಕೇಳಿರಲಿಲ್ಲ. ಹೋಗಿ ನೋಡಿದರೆ ಮಹಾರಾಯ ಮೈತುಂಬ ಸೋಪಿನ ನೊರೆ ಹೊತ್ತು, ಪಾದ ಮುಳುಗುವ ನೀರಿನಲ್ಲಿ ನಿಂತಿದ್ದಾನೆ. ಕಾಲ ಬಳಿ ಬಾಚಣಿಗೆಯೊಂದು ತೇಲುತ್ತಿದೆ.

ಪಾಪಯ್ಯ ಬಿದಿರು ದಬ್ಬೆ ಹಿಡಿದು ಬಂದ. ಬೀದಿಯವರೂ ಬಂದರು. "ಈ ಬಾಡಿಗೆಮನೆಯೋರು ಏನೇನು ಹಾಕ್ತಾರೋ," ಎಂದು ಮುನಿಲಕ್ಷ್ಮಮ್ಮ ಗಾಳಿಗೆ ಹೇಳಿದಳು.

"ನಮ್ಮನೇಲಿ ಒನಕೆ ಇಲ್ಲ ಅಕ್ಕಾ," ಎಂದಳು ಪಾರ್ವತಮ್ಮ, ಮೆತ್ತಗೆ.

ಮೊದಲು ಬಂದದ್ದು ನಜ್ಜುಗುಜ್ಜಾದ ಮೊರ. ಆಮೇಲೆ ಹಸಿರು ರವಿಕೆಕಣ. ಕೊನೆಗೆ ಅರಿಶಿನ ಮೆತ್ತಿದ ತೆಂಗಿನಕಾಯಿ ತಾನಾಗಿಯೇ ಉರುಳಿ ಬಂದು ಚೇಂಬರಿನಲ್ಲಿ ಕೂತಿತು.

"ಅಮ್ಮಾ, ನಾನು ನೀರಿನ ದಾರಿ ಹೇಳಿದ್ದು," ಎಂದ ಪಾಪಯ್ಯ.

ತಿಮ್ಮರಾಯಪ್ಪ ಒಳಗೆ ಹೋದ. ಬೈಗುಳ ಹುಡುಕಲು ಹೋಗಿರಬೇಕೆಂದು ಎಲ್ಲರೂ ಕಾದರು. ಒದ್ದೆ ಟವಲಿನಲ್ಲೇ ಹಿಂತಿರುಗಿದ ಅವನ ಕೈಯಲ್ಲಿ ಹಿತ್ತಲಿನ ಗುದ್ದಲಿ ಇತ್ತು. ಅದರ ಕಾವಿಗೆ ಅರಿಶಿನ ಹಚ್ಚಿ ಕುಂಕುಮ ಇಟ್ಟಿದ್ದ. ಮೇಲೊಂದು ಕನಕಾಂಬರವನ್ನೂ ಸಿಕ್ಕಿಸಿದ್ದ.

"ಹೊಳೆಯಮ್ಮ ಮರುಬಾಗಿನ ಕಳಿಸವ್ಳೆ," ಎಂದ. "ಸೆರಗೊಡ್ಡು."

ಹಬ್ಬದ ದಿನ, ಬೀದಿಯ ಮುತ್ತೈದೆಯರೆಲ್ಲ ನೋಡುತ್ತಿದ್ದಾರೆ. ಬಾಗಿನವನ್ನು ಬೇಡ ಅನ್ನುವಂತಿಲ್ಲ. ಮುನಿಲಕ್ಷ್ಮಮ್ಮ ಸೆರಗೊಡ್ಡಿದಳು.