ಸ್ನಾನದ ಮನೆಯಲ್ಲಿ ಇಪ್ಪತ್ನಾಲ್ಕು ಲೀಟರ್

ಹೆಂಡತಿಯ ಫ್ಲಾಸ್ಕಿನ ತಂಟೆಗೆ ನಾನು ಹೋಗಬಾರದಿತ್ತು. ಹೋದೆ. ಭಾನುವಾರ ಮಧ್ಯಾಹ್ನ, ನರ್ಸ್ ಆಗಿರುವ ನನ್ನಾಕೆ ರಾತ್ರಿ ಪಾಳಿ ಇದೆಯೆಂದು ಒಳಗೆ ಮಲಗಿದ್ದಳು. ಎದ್ದವಳೇ ಟೀ ತುಂಬಿಕೊಂಡು ಹೊರಡುವ ಫ್ಲಾಸ್ಕು ಅದು. ತೀರಿಕೊಂಡ ಅವಳಪ್ಪ ಕೊಡಿಸಿದ್ದು, ಒಳಗೆಲ್ಲ ಗಾಜು. ಅದಕ್ಕೆ ಸಿಗುವ ಮರ್ಯಾದೆಯಲ್ಲಿ ಕಾಲು ಭಾಗ ಈ ಪತಿದೇವರಿಗೆ ಸಿಕ್ಕಿದ್ದರೂ ನಾನು ಎದೆಯುಬ್ಬಿಸಿ ಓಡಾಡುತ್ತಿದ್ದೆ. ಬೆಳಿಗ್ಗೆ ಅದರೊಳಗಿನ ಟೀ ಕರೆ ನೋಡಿ, "ಮನೇಲಿ ರಸಾಯನಶಾಸ್ತ್ರದ ಮೇಷ್ಟ್ರು ಇದ್ದೂ ಈ ಗತಿ" ಅಂದಿದ್ದಳು. ಚುಚ್ಚಿತು. (ಚುಚ್ಚುವುದು ಅವಳ ವೃತ್ತಿಯೇ ಅನ್ನಿ.)

ಅವಳು ಏಳುವಷ್ಟರಲ್ಲಿ ಫ್ಲಾಸ್ಕನ್ನು ಫಳಫಳ ಹೊಳೆಯಿಸಿ ಭೇಷ್ ಅನ್ನಿಸಿಕೊಳ್ಳುವ ಘನ ಯೋಜನೆ ಹಾಕಿದೆ. ಅಡುಗೆ ಸೋಡಾ ಸುರಿದೆ, ವಿನೆಗರ್ ಬಗ್ಗಿಸಿದೆ. ಬುಸ್ ಅಂದಿತು. ಗ್ಯಾಸು ಸುಮ್ಮನೆ ಹೊರಗೆ ಹೋಗಿ ದಂಡವಾಗುವುದು ಯಾಕೆ, ಒಳಗೇ ಇದ್ದು ಕರೆ ಕೀಳಲಿ ಅಂತ ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿದೆ.

ನನ್ನದೇ ತರಗತಿಯಲ್ಲಿ ಓದುವ ಮಗಳು ಅಡುಗೆಮನೆಯ ಮೇಜಿನ ಮುಂದೆ ಕೂತು, ನಾನೇ ಕೊಟ್ಟ ಲೆಕ್ಕ ಬಿಡಿಸುತ್ತಿದ್ದಳು.

"ಅಪ್ಪ, ಸೋಡಾ ಎಷ್ಟು ಹಾಕಿದೆ?"

"ಕಣ್ಣಂದಾಜು."

ಅವಳು ಎದ್ದು ಪೊಟ್ಟಣವನ್ನು ತಕ್ಕಡಿ ಮೇಲಿಟ್ಟಳು. "ನೂರು ಗ್ರಾಮಿನ ಹೊಸ ಪೊಟ್ಟಣ. ಹದಿನಾರು ಉಳಿದಿದೆ. ಅಂದ್ರೆ ಎಂಬತ್ನಾಲ್ಕು ಒಳಗಿದೆ. ಈ ಸೋಡಾ ಒಂದು ಮೋಲ್ ಅಂದ್ರೆ ಎಂಬತ್ನಾಲ್ಕು ಗ್ರಾಮೇ ಅಲ್ವಾ?"

"ಸರಿ, ಮುಂದೆ" ಅಂದೆ, ಮೇಷ್ಟರ ಗತ್ತಿನಲ್ಲಿ.

"ಒಂದು ಮೋಲ್ ಸೋಡಾದಿಂದ ಒಂದು ಮೋಲ್ ಕಾರ್ಬನ್ ಡೈಆಕ್ಸೈಡ್. ಅದಕ್ಕೆ ಇಪ್ಪತ್ನಾಲ್ಕು ಲೀಟರ್ ಜಾಗ ಬೇಕು." ನನ್ನ ಕೈಯ ಕಡೆ ನೋಡಿದಳು. "ಫ್ಲಾಸ್ಕು ಒಂದು ಲೀಟರಿಂದು."

ಬುಸುಗುಟ್ಟುವ ಸದ್ದು ನಿಂತಿತ್ತು, ಅದರಿಂದ ಇನ್ನೂ ಹೆದರಿಕೆಯಾಯಿತು. ತೆಗೆದರೆ ಮುಚ್ಚಳ ಮುಖಕ್ಕೆ, ತೆಗೆಯದಿದ್ದರೆ ಗಾಜು ಹೊಟ್ಟೆಗೆ, ಬೀಳಿಸಿದರೆ ಎರಡೂ. ಉಳಿದುಕೊಂಡರೂ ಸುಖವಿಲ್ಲ, ಒಳಗೆ ಮಲಗಿದವಳು ಏಳುತ್ತಾಳಲ್ಲ. ಫ್ಲಾಸ್ಕನ್ನು ತೋಳುದ್ದ ಹಿಡಿದು, ಉಸಿರೂ ಬಿಡದೆ ಸ್ನಾನದ ಮನೆಗೆ ಹೋಗಿ ಬಕೆಟ್ಟಿನಲ್ಲಿ ಇಳಿಸಿದೆ. ಮೇಲೆ ಒದ್ದೆ ಟವೆಲ್ ಹೊದಿಸಿ ಹೊರಗಿನಿಂದ ಚಿಲಕ ಹಾಕಿದೆ.

ಅಷ್ಟರಲ್ಲಿ ಅಮ್ಮ ಬಂದರು. "ಬಾಗಿಲು ಬಿಡೋ."

"ಸ್ವಲ್ಪ ತಡ್ಕೋಮ್ಮ" ಅಂತ ಪಿಸುಗುಟ್ಟಿದೆ.

"ಈ ವಯಸ್ಸಲ್ಲಿ ತಡ್ಕೊಳ್ಳೋಕೆ ಆಗುತ್ತೇನೋ? ಒಳಗ್ಯಾರಿದ್ದಾರೆ?"

"ಫ್ಲಾಸ್ಕು."

"ಅದಕ್ಕೂ ಅರ್ಜೆಂಟಾ?"

ಈ ಮಾತಿಗೆ ಹೆಂಡತಿ ಎದ್ದು ಬಂದಳು. "ರೀ, ಏನಾಯ್ತು? ನನ್ನ ಫ್ಲಾಸ್ಕೆಲ್ಲಿ?"

ಎಲ್ಲ ಹೇಳಿದೆ. ಅವಳು ಕೂಗಾಡಲಿಲ್ಲ. "ಅಪ್ಪ ಕೊಡಿಸಿದ್ದು ಕಣ್ರೀ" ಅಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು, ನನಗೆ ಅಳು ಬರುವ ಹಾಗಾಯಿತು. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದಳು, "ವಿನೆಗರ್ ಎಲ್ಲಿತ್ತು? ಕಿಟಕಿ ಗಾಜು ಒರೆಸಿ ನಾನೇ ಖಾಲಿ ಮಾಡಿದ್ನಲ್ಲ."

"ತಳದಲ್ಲಿ ಎರಡು ಚಮಚ ಇತ್ತು."

ಮಗಳು ಪೆನ್ನು ಎತ್ತಿಕೊಂಡಳು. "ಎರಡು ಚಮಚ ಅಂದ್ರೆ ಸುಮಾರು ಹತ್ತು ಗ್ರಾಮ್. ಸೀಸೆ ಮೇಲೆ ನೂರಕ್ಕೆ ಆರು ಪಾಲು ಆಮ್ಲ ಅಂತಿದೆ, ಅಲ್ಲಿಗೆ ಪಾಯಿಂಟ್ ಆರು ಗ್ರಾಮ್. ಆ ಆಮ್ಲ ಒಂದು ಮೋಲ್‌ಗೆ ಅರವತ್ತು ಗ್ರಾಮ್. ಹಾಗಾದ್ರೆ ಇಲ್ಲಿರೋದು ಮೋಲಿನ ನೂರನೇ ಒಂದು ಪಾಲು, ಗ್ಯಾಸೂ ಅಷ್ಟೇ. ಕಾಲು ಲೀಟರೂ ಇಲ್ಲಪ್ಪ. ಮಿಕ್ಕ ಸೋಡಾ ಜೊತೆಗಾರ ಸಿಗದೆ ಸುಮ್ನೆ ಕೂತಿದೆ."

ಯಾವುದು ಮೊದಲು ಮುಗಿಯುತ್ತದೋ ಅದರ ಮೇಲೆ ಲೆಕ್ಕ ಹಾಕಬೇಕು. ಇದನ್ನು ವರ್ಷವಿಡೀ ಮೇಜು ಕುಟ್ಟಿ ಕುಟ್ಟಿ ಹೇಳುವ ಮಹಾನುಭಾವ ನಾನು. ಹೆಂಡತಿ ಚಿಲಕ ತೆಗೆದು ಒಳಗೆ ಹೋಗಿ ಮುಚ್ಚಳ ತಿರುಗಿಸಿದಳು. 'ಪುಸ್' ಅಂತ ಸಣ್ಣ ಸದ್ದಾಯಿತು. ಗಾಜಿಗೆ ಏನೂ ಆಗಿರಲಿಲ್ಲ. (ಕರೆಗೂ ಏನೂ ಆಗಿರಲಿಲ್ಲ.) ಅವಳು ಫ್ಲಾಸ್ಕನ್ನು ಎದೆಗೊತ್ತಿಕೊಂಡು ಹೊರಬಂದಳು, ಅಮ್ಮ ಓಡಿ ಒಳಗೆ ಸೇರಿಕೊಂಡರು.

ಮಾರನೇ ದಿನ ತರಗತಿಯಲ್ಲಿ ಇದನ್ನೇ ಹೆಸರಿಲ್ಲದ ಲೆಕ್ಕವಾಗಿ ಬೋರ್ಡಿನ ಮೇಲೆ ಬರೆದೆ: 'ಒಬ್ಬ ವ್ಯಕ್ತಿ ಎಂಬತ್ನಾಲ್ಕು ಗ್ರಾಮ್ ಸೋಡಾಕ್ಕೆ ಹತ್ತು ಗ್ರಾಮ್ ವಿನೆಗರ್ ಸೇರಿಸಿದನು...' ಮೋಲ್ ಅಂದರೆ ತಲೆ ತಗ್ಗಿಸುವ ಮಕ್ಕಳು ಅಂದು ಒಬ್ಬರೂ ಬಿಡದೆ ಕೈ ಎತ್ತಿದರು. ಎಲ್ಲರ ಉತ್ತರವೂ ಸರಿ. ನನ್ನ ಬೋಧನೆಯ ಬಗ್ಗೆ ನನಗೇ ಹೆಮ್ಮೆಯಾಗಿ, "ಯಾರಿಗಾದರೂ ಅನುಮಾನ ಇದೆಯೇ?" ಅಂತ ಕೇಳಿದೆ.

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸಾರ್, ಆ ವ್ಯಕ್ತಿ ತಲೆಗೆ ಕವುಚಿಕೊಂಡಿದ್ದು ಅನ್ನದ ಪಾತ್ರೆನಾ, ಹಾಲಿನ ಪಾತ್ರೆನಾ?"

ನನ್ನ ಮಗಳು ಕಿಟಕಿಯಾಚೆ ಏನನ್ನೋ ಬಹಳ ಶ್ರದ್ಧೆಯಿಂದ ನೋಡುತ್ತಿದ್ದಳು. ಪಾತ್ರೆಯ ವಿಷಯ ನಿಮಗೂ ಹೇಳಿರಲಿಲ್ಲ, ಅಲ್ಲವೇ? ಹೇಳುವ ಉದ್ದೇಶವೂ ಇರಲಿಲ್ಲ.