ಉಸಿರಿಗೂ ಒಂದಿಷ್ಟು ಕೊಸರು

ಲೋಕದಲ್ಲಿ ಯಾವ ಪದಾರ್ಥಕ್ಕೂ ಒಂದೇ ಬೆಲೆ ಇರುವುದಿಲ್ಲ, ಎರಡಿರುತ್ತವೆ. ಒಂದು, ಮಾರುವವನ ಬಾಯಿಂದ ಬರುವುದು; ಇನ್ನೊಂದು, ಅವನ ಹೊಟ್ಟೆಯೊಳಗೆ ಕೂತಿರುವುದು. ಹೊಟ್ಟೆಯೊಳಗಿನದನ್ನು ಬಾಯಿಗೆ ತರಿಸುವುದೇ ವ್ಯವಹಾರ. ತರಿಸಿದ ಮೇಲೂ ಸುಮ್ಮನೆ ಎದ್ದು ಬರಬಾರದು, ಕೊಸರು ಕೇಳಬೇಕು. ಸೇರು ಅಕ್ಕಿ ಅಳೆದ ಮೇಲೆ ಒಂದು ಹಿಡಿ, ಡಜನ್ ಬಾಳೆಹಣ್ಣಿನ ಮೇಲೆ ಒಂದು ಹಣ್ಣು, ಮೊಳ ಹೂವಿನ ಮೇಲೆ ನಾಲ್ಕು ಬೆರಳು. ಕೊಸರಿಲ್ಲದೆ ಬಂದವನು ವ್ಯಾಪಾರ ಮಾಡಿ ಬಂದಿಲ್ಲ, ದಾನ ಮಾಡಿ ಬಂದಿದ್ದಾನೆ ಎಂದು ತಿಳಿಯಿರಿ. ನಲವತ್ತು ವರ್ಷ ಈ ನೇಮವನ್ನು ತಪ್ಪದೆ ನಡೆಸಿಕೊಂಡು ಬಂದ ನಾನು ಕೊನೆಗೆ ಕೊಳ್ಳಬೇಕಾಗಿ ಬಂದ ಸರಕು ಯಾವುದೆಂದರೆ, ಗಾಳಿ. ಹಿಡಿದು ನೋಡಲು ಬರುವುದಿಲ್ಲ, ಮೂಸಿ ನೋಡಿದರೆ ವಾಸನೆಯಿಲ್ಲ, ಬೆನ್ನು ಚಪ್ಪರಿಸಿದರೆ ಬಾಲ ಅಲ್ಲಾಡಿಸುವುದಿಲ್ಲ. ಇಂಥ ಸರಕನ್ನು ಚೌಕಾಸಿ ಮಾಡಹೋದವನಿಗೆ ಏನಾಯಿತು ಎಂಬುದನ್ನು ಹೇಳುತ್ತೇನೆ. ನಿಮಗೆ ಉಪಯೋಗಕ್ಕೆ ಬಂದೀತು.

ನಾನು ಮುಂಡಗೋಡದ ದನದ ದಲಾಲಿ. ಹುಬ್ಬಳ್ಳಿ ಕಡೆಯಿಂದ ಹುಡುಗನಾಗಿದ್ದಾಗ ಬಂದು, ಸಂತೆಯಲ್ಲಿ ಮೂಗುದಾರ, ಕೊರಳ ಗಂಟೆ ಮಾರಿಕೊಂಡಿದ್ದವನು. ಮೂಗುದಾರ ಮಾರುತ್ತ ಮಾರುತ್ತ ಮೂಗನ್ನು ನೋಡಿದೆ, ಮೂಗು ನೋಡುತ್ತ ಎತ್ತನ್ನು ನೋಡಿದೆ, ಎತ್ತು ನೋಡುತ್ತ ಕೊಳ್ಳುವವರನ್ನೂ ಮಾರುವವರನ್ನೂ ನೋಡಿದೆ. ಇಂದೂರ, ಸನವಳ್ಳಿಯ ಕಡೆಯವರು ಈ ಈರಪ್ಪನಿಲ್ಲದೆ ಎತ್ತಿನ ಹಲ್ಲು ಎಣಿಸುತ್ತಿರಲಿಲ್ಲ. ಎತ್ತು ಕೊಳ್ಳುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ: ಹಲ್ಲು ನೋಡುವ ಮೊದಲು ಮಾರುವವನ ಚಪ್ಪಲಿ ನೋಡಿ. ದೂರದಿಂದ ನಡೆದು ಬಂದವನು ಎತ್ತನ್ನು ಮರಳಿ ಹೊಡೆದುಕೊಂಡು ಹೋಗುವುದಿಲ್ಲ. ಇರಲಿ. ದಲಾಲಿಗೆ ಬಂಡವಾಳವೆಂದರೆ ಬಾಯಿ, ಬಾಯಿಗೆ ಬಂಡವಾಳ ಉಸಿರು. ಆ ಬಂಡವಾಳವನ್ನು ನಾನು ಕಟ್ಟು ಕಟ್ಟು ಬೀಡಿ ಸೇದಿ ಕರಗಿಸಿದ್ದೆ. ಮನೆಯಿಂದ ಸಂತೆಯ ಬಯಲಿಗೆ ಹೋಗುವಷ್ಟರಲ್ಲಿ ಮೂರು ಕಡೆ ಕೂರುವಂತಾದಾಗ, ಹೆಂಡತಿ ನೀಲವ್ವ ನನ್ನನ್ನು ಹುಬ್ಬಳ್ಳಿಯ ಬಸ್ಸು ಹತ್ತಿಸಿ, ತಾನೂ ಹತ್ತಿದಳು.

ಡಾಕ್ಟರು ಎದೆಗೆ ನಳಿಕೆ ಇಟ್ಟು ಬಹಳ ಹೊತ್ತು ಕೇಳಿದರು. "ಈರಪ್ಪನವರ, ನಿಮ್ಮ ಪುಪ್ಪುಸ ಕಮ್ಮಾರನ ಹಳೇ ತಿದಿ ಆಗ್ಯಾವ," ಎಂದು ಹೇಳಿ, ನನ್ನ ಬೆರಳು ಹಿಡಿದು ಉಗುರಿನ ಬಣ್ಣ ನೋಡತೊಡಗಿದರು. ಯಾರಾದರೂ ನನ್ನ ಬೆರಳು ಹಿಡಿದರೆ ಎಡಗೈ ಸುಮ್ಮನಿರುವುದಿಲ್ಲ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಹೊದಿಸಿ, ಒಳಗೊಳಗೇ ಬೆರಳು ಒತ್ತಿ ತಿಳಿಸುತ್ತೇವೆ. ನನಗೆ ಅರಿವಾಗುವ ಮೊದಲೇ ಹೆಗಲ ಟವೆಲ್ಲು ನಮ್ಮಿಬ್ಬರ ಕೈ ಮೇಲೆ ಬಿದ್ದಿತ್ತು.

"ಏನ್ ಮಾಡಾಕತ್ತೀರಿ?" ಎಂದು ಡಾಕ್ಟರು ಕೈ ಎಳೆದುಕೊಂಡರು.

"ತಪ್ಪಾತ್ರಿ ಸಾಹೇಬರ, ರೂಢಿ," ಎಂದೆ.

ಅವರು ಹೇಳಿದ್ದು ಇಷ್ಟು: ಹೆಗಲಿಗೆ ಹಾಕಿಕೊಳ್ಳುವ ಸಣ್ಣ ಆಕ್ಸಿಜನ್ ಸಿಲಿಂಡರ್ ತೆಗೆದುಕೊಳ್ಳಬೇಕು, ಓಡಾಡುವಾಗೆಲ್ಲ ರಬ್ಬರ್ ನಳಿಕೆಯನ್ನು ಮೂಗಿಗೆ ಹಚ್ಚಿಕೊಳ್ಳಬೇಕು, ಸಿಲಿಂಡರಿನ ತಿರುಪನ್ನು ಎರಡು ಎಂಬ ಅಂಕಿಯ ಮೇಲೆ ಇಡಬೇಕು. ನಾನು ಒಂದು ಬೆರಳು ತೋರಿಸಿದೆ.

"ಒಂದು ಮಾಡ್ರಿ."

"ಎರಡಂದ್ರ ಎರಡು. ಕಡಿಮೀನೂ ಇಲ್ಲ, ಹೆಚ್ಚೂ ಇಲ್ಲ. ಇದೇನು ದನದ ಪ್ಯಾಟಿ ಅಲ್ಲ."

ಕಡಿಮೆಯಿಲ್ಲ ಎಂದು ಮೊದಲೇ ಹೇಳುವವನು ಖಂಡಿತ ಇಳಿಯುತ್ತಾನೆ ಎಂಬುದು ನನ್ನ ಅನುಭವ. ರೋಗಿಗಳು ಹೇಳಿದ್ದರಲ್ಲಿ ಅರ್ಧ ಮಾತ್ರ ಮಾಡುತ್ತಾರೆಂದು ಡಾಕ್ಟರಿಗೆ ಗೊತ್ತು, ಅದಕ್ಕೇ ದುಪ್ಪಟ್ಟು ಹೇಳಿದ್ದಾರೆ; ಅಂದಮೇಲೆ ಹೊಟ್ಟೆಯೊಳಗಿನ ಬೆಲೆ ಒಂದೇ. ಹೀಗೆ ಮನಸ್ಸಿನಲ್ಲೇ ವ್ಯವಹಾರ ಮುಗಿಸಿ ಕೆಳಗಿಳಿದೆ.

ಸಿಲಿಂಡರಿನ ಅಂಗಡಿಯಲ್ಲಿ ಗೋಡೆಗೆ 'ಒಂದೇ ದರ' ಎಂಬ ಫಲಕ ನೇತುಹಾಕಿದ್ದರು. ಅಂಥ ಫಲಕ ಕಂಡರೆ ನನಗೆ ಮೈ ಉರಿಯುತ್ತದೆ. ತುಂಬಿದ್ದೊಂದನ್ನೂ ಖಾಲಿಯದೊಂದನ್ನೂ ಎತ್ತಿ ನೋಡಿದೆ. ಎರಡೂ ಅಷ್ಟೇ ಭಾರ. "ಹಂಗಾರ ನೀವು ಕೊಡೂದರ ಏನು?" ಎಂದೆ. ಅಂಗಡಿಯವನು ತಾಳ್ಮೆಯ ಮನುಷ್ಯ. ಒಳಗೆ ಎಷ್ಟಿದೆ ಎಂದು ತೋರಿಸುವ ಮುಳ್ಳನ್ನೂ, ಎಷ್ಟು ಬಿಡಬೇಕೆಂದು ತಿರುಗಿಸುವ ತಿರುಪನ್ನೂ ತೋರಿಸಿದ. ಬೆಂಕಿ ಹತ್ತಿರ ಒಯ್ಯಬಾರದು, ಎಣ್ಣೆ ಮುಟ್ಟಿಸಬಾರದು ಎಂದ. ಎರಡು ಸಿಲಿಂಡರು ಕೊಂಡರೆ ಒಂದು ಹೆಗಲ ಮೇಲೆ, ಇನ್ನೊಂದು ತುಂಬಿಸಿಕೊಂಡು ಬರಲು. ತಿರುಪು ಎರಡರ ಮೇಲೆ ಇಟ್ಟರೆ ಒಂದೊಂದೂ ಎರಡು ಸಂತೆಗೆ ಬರುತ್ತದೆ ಎಂದ. ಎರಡನ್ನೂ ಕೊಂಡು ಎಲ್ಲ ಮುಗಿದ ಮೇಲೆ ನಾನು, "ಮ್ಯಾಲ ಒಂದೀಟು ಕೊಸರು ತುಂಬ್ರಿ," ಎಂದೆ. "ಯಜಮಾನ್ರ, ಇದರಾಗ ಕೊಸರು ತುಂಬಿದ್ರ ನೀವೂ ಇರೂದಿಲ್ಲ, ನನ್ನ ಅಂಗಡೀನೂ ಇರೂದಿಲ್ಲ," ಎಂದ. ಜೀವನದಲ್ಲಿ ಮೊದಲ ಸಲ ಕೊಸರಿಲ್ಲದೆ ಅಂಗಡಿಯ ಮೆಟ್ಟಿಲಿಳಿದೆ.

ಆ ಸಿಟ್ಟನ್ನು ಬಸ್ಸಿನ ಕಂಡಕ್ಟರನ ಮೇಲೆ ತೀರಿಸಿಕೊಳ್ಳೋಣವೆಂದರೆ, ಅವನು ಸಿಲಿಂಡರಿಗೂ ಲಗೇಜ್ ಚೀಟಿ ಹರಿದ. "ಇದು ಸಾಮಾನಲ್ಲೋ ತಮ್ಮಾ, ನನ್ನ ಪುಪ್ಪುಸ," ಎಂದೆ. "ನಿಮ್ಮ ಪುಪ್ಪುಸ ಅಂಗಿ ಒಳಗ ಕುಂತ್ರ ಪುಕ್ಕಟೆ. ಹೊರಗ ಕುಂತ್ರ ಲಗೇಜ್," ಎಂದ. ಇಷ್ಟು ನ್ಯಾಯವಾಗಿ ಮಾತಾಡುವ ಮನುಷ್ಯನೊಡನೆ ಏನು ಜಗಳವಾಡುವುದು?

ಮನೆಗೆ ಬಂದ ಸಿಲಿಂಡರು ಬೀಗರಿಗಿಂತ ಹೆಚ್ಚಿನ ಉಪಚಾರ ಮಾಡಿಸಿಕೊಂಡಿತು. ಬೆಂಕಿ ಕೂಡದೆಂದು ನೀಲವ್ವ ಒಲೆಯನ್ನು ಹಿತ್ತಲಿಗೆ ಸಾಗಿಸಿದಳು. ಸಂಜೆ ನನ್ನ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ ಗೆಳೆಯರು ಬೀದಿಯ ಆಚೆ ಬದಿಗೆ ಹೋಗಿ ಕೂತರು. ನಾನು ಕೊಡಬೇಕಾದ ಸಲಹೆಗಳನ್ನೆಲ್ಲ ಬೀದಿ ದಾಟಿಸಿ ಕೊಡಬೇಕಾಯಿತು, ಅದೂ ಇಲ್ಲದ ಉಸಿರಿನಲ್ಲಿ. ಸಿಲಿಂಡರಿನ ಬಾಯಿ ತೆರೆಯುವ ಚಾವಿ ಕಿರಗುಡುತ್ತಿತ್ತು. ಕಿರಗುಡುವ ಬಂಡಿಯ ಅಚ್ಚಿಗೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಕೊಬ್ಬರಿ ಎಣ್ಣೆಯ ಬಾಟಲಿ ತಂದು ಬಿರಡೆ ತೆಗೆದಿದ್ದೆ, ಅಷ್ಟರಲ್ಲಿ ನೀಲವ್ವ ಹಿತ್ತಲಿಂದ ಹಾರಿ ಬಂದು ಕಸಿದುಕೊಂಡಳು.

"ಎಣ್ಣಿ ಮುಟ್ಟಿಸಬ್ಯಾಡ್ರಿ, ಭುಗ್ ಅಂತೈತಿ ಅಂತ ಅಂಗಡಿಯಾಂವ ಬಡಕೊಂಡಿಲ್ಲೇನು? ಊರಿಗೆಲ್ಲ ಬುದ್ಧಿ ಹೇಳ್ತೀರಿ, ನಿಮಗ ಹೇಳಿದ್ದು ಯಾವ ಕಿವಿಗೆ ಹೋಗತೈತ್ರಿ?"

ಅಂದಿನಿಂದ ಚಾವಿ ಅವಳ ಸೊಂಟಕ್ಕೆ ಹೋಯಿತು. ಸಂತೆಯ ದಿನ ಸಿಲಿಂಡರು ತೆರೆದು ಹೆಗಲಿಗೆ ಹಾಕುವುದು ಅವಳ ಕೆಲಸ, "ಒಂದರ ಮ್ಯಾಲ ಇಡು" ಎಂದು ಹೇಳುವುದು ನನ್ನ ಕೆಲಸ. ಡಾಕ್ಟರು ಎರಡು ಹೇಳಿದ್ದರಲ್ಲ ಎಂದು ಅವಳು ಮೊದಲ ದಿನ ಗೊಣಗಿದಳು. ನಾನು ಎರಡು ಬೆಲೆಗಳ ತತ್ವವನ್ನು ವಿವರಿಸಿದೆ. ಅವಳು ಒಂದರ ಮೇಲೆ ಇಟ್ಟಳು.

ಆ ಸಂತೆಯಲ್ಲಿ ನನ್ನ ಮೇಲೆ ಒಂದು ಹೊಣೆಯಿತ್ತು. ಸನವಳ್ಳಿಯ ಸಿದ್ದಿ ರೈತ ಬಸ್ತ್ಯಾಂವ ನನಗೆ ಹಳೆಯ ಗೆಳೆಯ, ವಯಸ್ಸಿನಲ್ಲಿ ಚಿಕ್ಕವನು. ಅವನ ಜೋಡಿಯಲ್ಲಿ ಒಂದೆತ್ತು ಸತ್ತಿತ್ತು. ಗದ್ದೆ ಹದಕ್ಕೆ ಬಂದಿತ್ತು. ಉಳಿದ ಒಂಟಿ ಎತ್ತಿಗೆ ಜೊತೆ ಹುಡುಕಿಕೊಡಬೇಕು. ಎತ್ತು ಸಿಕ್ಕಿತು, ಒಳ್ಳೆಯದೇ. ಸಿಲಿಂಡರನ್ನು ಬಂಡಿಯ ಗಾಲಿಗೆ ಒರಗಿಸಿ ವ್ಯವಹಾರಕ್ಕೆ ನಿಂತೆ. ಬೆರಳಿನ ಮಾತು ಒಂದು ಹಂತಕ್ಕೆ ಬಂದ ಮೇಲೆ ಪ್ರತಿಯೊಬ್ಬ ದಲಾಲಿಯೂ ಮಾಡಬೇಕಾದದ್ದೊಂದಿದೆ: ಬೇಡವೆಂದು ಕೈ ಕೊಡವಿ, ಟವೆಲ್ಲು ಹೆಗಲಿಗೆ ಎಸೆದು, ಹಿಂತಿರುಗಿ ನೋಡದೆ ಹೊರಟುಬಿಡಬೇಕು. ಏಳನೆಯ ಹೆಜ್ಜೆಗೆ ಮಾರುವವನು ಕೂಗುತ್ತಾನೆ. ಕೂಗದಿದ್ದರೆ ಅವನ ಬೆಲೆಯೇ ಸರಿ ಎಂದರ್ಥ. ನಾನೂ ಕೊಡವಿದೆ, ಎಸೆದೆ, ಹೊರಟೆ. ಮೂರನೆಯ ಹೆಜ್ಜೆಗೆ ಯಾರೋ ನನ್ನ ಮೂಗು ಹಿಡಿದು ಹಿಂದಕ್ಕೆ ಜಗ್ಗಿದರು. ನಳಿಕೆ! ಸಿಲಿಂಡರು ಗಾಲಿಯ ಬುಡದಲ್ಲೇ ಇತ್ತು.

"ದಲಾಲರ, ನಿಮಗ ಮೂಗದಾರ ಯಾರು ಹಾಕ್ಯಾರ್ರಿ?" ಎಂದ ಮಾರುವವನು. ಇಡೀ ಸಂತೆ ನಕ್ಕಿತು. ಅವನ ಎತ್ತೂ ತಲೆಯಾಡಿಸಿತು.

ಮರ್ಯಾದೆ ಉಳಿಸಿಕೊಳ್ಳಲು ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ. ಮಾತಿಗೆ ಬೇಕಾದ ಉಸಿರು ಬರಲಿಲ್ಲ. ಬಯಲೆಲ್ಲ ತಿರುಗಿತು, ಹಿಂದೆ ಇದ್ದ ಮೆಣಸಿನಕಾಯಿ ಚೀಲದ ಮೇಲೆ ಕುಸಿದೆ. ಘಾಟಿಗೆ ಕೆಮ್ಮು, ಕೆಮ್ಮಿಗೆ ಕತ್ತಲೆ. ಬಸ್ತ್ಯಾಂವ ನನ್ನನ್ನೂ ಸಿಲಿಂಡರನ್ನೂ ಎರಡು ತೋಳಿಗೆ ಒಂದೊಂದಾಗಿ ಎತ್ತಿಕೊಂಡು ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಇಳಿಸಿದ. ತುಟಿ ನೇರಳೆಹಣ್ಣು ತಿಂದವನ ಹಾಗಾಗಿತ್ತಂತೆ. ಎತ್ತು ಕೈತಪ್ಪಿತು. 'ಈರಪ್ಪಂದು ಮುಗೀತು' ಎಂಬ ಮಾತು ಸಂತೆಯಲ್ಲಿ ಎದ್ದಿತು. ತುಟಿಯ ಬಣ್ಣಕ್ಕಿಂತ ಆ ಮಾತು ನನಗೆ ಹೆಚ್ಚು ನಾಟಿತು. ನೀಲವ್ವ ಏನೂ ಅನ್ನಲಿಲ್ಲ. ಹೆಂಡತಿ ಏನೂ ಅನ್ನದಿದ್ದರೆ ಎಚ್ಚರವಾಗಿರಬೇಕು. ಇದು ಎಲ್ಲರಿಗೂ ನನ್ನ ಸಲಹೆ, ನಾನು ಪಾಲಿಸಲಿಲ್ಲ.

ಮುಂದಿನ ಸಂತೆಯ ಹೊತ್ತಿಗೆ ಸಿಲಿಂಡರಿಗೊಂದು ಅಂಗಿ ಬಂತು. ಬಸ್ತ್ಯಾಂವನ ಹೆಂಡತಿ ಕತ್ರೀನಾ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಕೆಂಪು, ಹಸಿರು, ಹಳದಿ ತುಂಡುಗಳನ್ನು ಜೋಡಿಸಿ ಚಂದದ ಗವಸು ಹೊಲಿದಿದ್ದಳು. ಹೆಗಲಿಗೆ ಅಗಲವಾದ ಪಟ್ಟಿ, ಮೇಲ್ಗಡೆ ಗುಂಡಿ ಹಾಕುವ ಮುಚ್ಚಳ. ಒಳಗಿನ ಮುಳ್ಳು ಕಾಣಲೆಂದು ಒಂದು ಸಣ್ಣ ಕಿಂಡಿಯನ್ನೂ ಬಿಟ್ಟಿದ್ದಳು. "ತಿರುಪಿಗೆ ಧೂಳ ಹೊಗಬಾರದಲ್ರಿ, ಅದಕ ಮುಚ್ಚಳ," ಎಂದಳು ನೀಲವ್ವ. ಗುಂಡಿ ಆರಿದ್ದವು, ಬಲು ಬಿಗಿ. ನಾನು ಅದರ ಗೊಡವೆಗೆ ಹೋಗಲಿಲ್ಲ.

"ಒಂದರ ಮ್ಯಾಲ ಇಟ್ಟೀಯಿಲ್ಲೋ?"

"ಇಟ್ಟೇನ್ರಿ."

ಅಂದು ನಾನು ಸಂತೆಗೆ ಹೋದ ಗತ್ತೇ ಬೇರೆ. ದಾರಿಯಲ್ಲಿ ಎಲ್ಲಿಯೂ ಕೂರಲಿಲ್ಲ. ಸಿಲಿಂಡರನ್ನು ಹೆಗಲಿನಿಂದ ಇಳಿಸಲೂ ಇಲ್ಲ. ಏಳು ಹೆಜ್ಜೆ ನಡೆಯಲು ಹೊರಟೆ, ಮಾರುವವನು ಐದನೆಯದಕ್ಕೇ ಕೂಗಿದ. ನಡುನಡುವೆ ಉಸಿರಿಗಾಗಿ ಸುಮ್ಮನಾದರೆ ಅವನು ನನಗೆ ಮನಸ್ಸಿಲ್ಲವೆಂದು ತಿಳಿದು ಇನ್ನಷ್ಟು ಇಳಿದ. ಬಸ್ತ್ಯಾಂವನಿಗೆ ಎತ್ತು ಸಿಕ್ಕಿತು, ಕೊಸರಿಗೆ ಹಗ್ಗವೂ ಗಂಟೆಯೂ ಸಿಕ್ಕವು. ಸಂಜೆ ಬೀದಿಯ ಆಚೆ ಕೂತಿದ್ದ ಬೀಡಿಯವರಿಗೆಲ್ಲ ಕೇಳುವ ಹಾಗೆ ಹೇಳಿದೆ: "ಡಾಕ್ಟರ ಎರಡು ಅಂದ್ರು, ನಾ ಒಂದರಾಗ ಮುಗಿಸೇನಿ. ದೇಹ ಅನ್ನೂದು ರೂಢಿ ಮ್ಯಾಲ ನಡೀತೈತ್ರೋ!" ಪೋಸ್ಟಿನಲ್ಲಿ ಕೆಲಸ ಮಾಡುವ ನೆರೆಯವರಿಗೆ ದಮ್ಮಿನ ಗುಳಿಗೆಯನ್ನು ಅರ್ಧ ಮುರಿದು ನುಂಗಲು ಹೇಳಿದೆ. ಅವರ ಮನೆಗೆ ನೀಲವ್ವ ಆ ಸಂಜೆಯೇ ಒಂದು ಬಟ್ಟಲು ಮೊಸರು ತೆಗೆದುಕೊಂಡು ಹೋಗಿದ್ದೇಕೆಂದು ನನಗೆ ಆಗ ಹೊಳೆಯಲಿಲ್ಲ.

ಒಂದೇ ಚುಚ್ಚುತ್ತಿತ್ತು. ಒಂದರ ಮೇಲೆ ಇಟ್ಟರೆ ನಾಲ್ಕು ಸಂತೆಗೆ ಬರಬೇಕಾದ ಸಿಲಿಂಡರು ಮೂರನೆಯದು ಮುಗಿಯುವ ಮೊದಲೇ ಖಾಲಿ. ಆಮೇಲೆ ಹೆಗಲಿಗೇರಿದ ಇನ್ನೊಂದು ಒಂದೇ ಸಂತೆಗೆ ಅರ್ಧ. ಕಿಂಡಿಯಲ್ಲಿ ಮುಳ್ಳು ಇಳಿಯುವುದನ್ನು ಕಣ್ಣಾರೆ ಕಂಡೆ. ಕೊಸರು ಕೊಡದ ಅಂಗಡಿಯವನು ಅಳತೆಯಲ್ಲೂ ಹೊಡೆಯುತ್ತಿದ್ದಾನೆ! ಗಾಳಿ ಕಣ್ಣಿಗೆ ಕಾಣುವುದಿಲ್ಲವೆಂದು ದನದ ದಲಾಲಿಗೇ ಮೋಸವೇ?

"ನಡಿ, ಹುಬ್ಬಳ್ಳಿಗೆ ಹೋಗೂಣು," ಎಂದೆ. ನೀಲವ್ವ, "ಹೋಗ್ಲಿ ಬಿಡ್ರಿ, ಬಡವಾ ಏನೋ," ಎಂದಳು. ಬಸ್ತ್ಯಾಂವ, "ಕಾಕಾ, ಗದ್ದಿ ಕೆಲಸ ಐತಿ," ಎಂದ. ಇಬ್ಬರನ್ನೂ ಬಿಡಲಿಲ್ಲ. ಒಬ್ಬಳು ಸಾಕ್ಷಿಗೆ, ಒಬ್ಬ ಖಾಲಿ ಸಿಲಿಂಡರು ಹೊರಲು.

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಇದ್ದದ್ದು ಒಳ್ಳೆಯದೇ ಆಯಿತೆಂದು ದನಿ ಏರಿಸಿದೆ. ಆಣೆ ಪ್ರಮಾಣ ಎಲ್ಲ ಆಯಿತು. ಅಂಗಡಿಯವನು ಎಲ್ಲ ಕೇಳಿ, "ತಿರುಪು ಎಷ್ಟರ ಮ್ಯಾಲ ಇಡ್ತೀರಿ ಯಜಮಾನ್ರ?" ಎಂದ.

"ಒಂದು! ಒಂದರ ಮ್ಯಾಲ ಎರಡನೇದು ಕಂಡಿಲ್ಲ ನಾ!"

"ಹಂಗಾರ ನಾಕು ಸಂತಿ ಬರಬೇಕು, ಖರೆ. ಈಗ ಹೆಗಲ ಮ್ಯಾಲ ಐತಲ್ಲ, ಅದನ್ನ ತೋರಸ್ರಿ."

"ನೋಡಪಾ, ಕಣ್ಣು ಬಿಟ್ಟು ನೋಡು!" ಎಂದು ಗವಸಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದೆ. ಆರನೆಯದು ಕಿತ್ತೇ ಬಂತು. ಮುಚ್ಚಳ ಎತ್ತಿ, ನಾಲ್ಕು ಜನ ಗಿರಾಕಿಗಳ ಮುಂದೆ ಹಿಡಿದೆ.

ತಿರುಪು ಎರಡರ ಮೇಲೆ ಕೂತಿತ್ತು. ಎರಡಕ್ಕೆ ಒಂದು ಕೂದಲೆಳೆ ಆಚೆಗೂ ಇಲ್ಲ, ಈಚೆಗೂ ಇಲ್ಲ.

ನೀಲವ್ವ ಗೋಡೆಯ 'ಒಂದೇ ದರ' ಫಲಕವನ್ನು ಈಗಷ್ಟೇ ಓದಲು ಕಲಿತವಳಂತೆ ಓದುತ್ತಿದ್ದಳು. ಬಸ್ತ್ಯಾಂವ ಬಸ್ಸಿಗೆ ಹೊತ್ತಾಯಿತೆಂದು ಮಣಿಕಟ್ಟು ನೋಡಿಕೊಳ್ಳುತ್ತಿದ್ದ. ಅವನಿಗೆ ಗಡಿಯಾರವೇ ಇರಲಿಲ್ಲ.

"ಯಾವಾಗಿಂದ?" ಎಂದೆ.

"ಮೆಣಸಿನಕಾಯಿ ಚೀಲದ ಮ್ಯಾಲ ಬಿದ್ರಲ್ಲ, ಅವತ್ತಿಂದ," ಎಂದಳು ನೀಲವ್ವ, ಫಲಕದಿಂದ ಕಣ್ಣು ತೆಗೆಯದೆ. ಆಮೇಲೆ ನನ್ನ ಕಡೆ ತಿರುಗಿದಳು. "ಎಲ್ಲಾದರಾಗೂ ಕೊಸರು ಕೇಳಾವ್ರು ನೀವು. ಇದೊಂದರಾಗ ಬ್ಯಾಡ ಅಂದ್ರಿ. ಅದಕ ನಾನ ಹಾಕಿದೆ."

ಅಂಗಡಿಯವನು ನಗಲಿಲ್ಲ. ಅದು ಅವನ ದೊಡ್ಡತನ. ಗಿರಾಕಿಗಳಿಗೆ ಅಷ್ಟು ದೊಡ್ಡತನವಿರಲಿಲ್ಲ. ನಾನು ಅವನ ಕೈ ಹಿಡಿದು ತಪ್ಪಾಯಿತೆಂದೆ. ಅವನು ಖಾಲಿ ಸಿಲಿಂಡರು ತುಂಬಿಸಿಕೊಟ್ಟ, ಕಿತ್ತ ಗುಂಡಿಯನ್ನು ಹೆಕ್ಕಿ ನೀಲವ್ವನ ಕೈಗೆ ಕೊಟ್ಟ. ಮೂವರೂ ಬಸ್ಸು ಹತ್ತಿದೆವು. ಕಿಟಕಿಯ ಬದಿಗೆ ಕೂತು ನಾನು ಒಂದು ವಿಷಯ ಯೋಚಿಸುತ್ತಿದ್ದೆ: ಈ ಹೆಣ್ಣುಮಗಳ ಜೊತೆ ಇಷ್ಟು ವರ್ಷದಲ್ಲಿ ಎಷ್ಟೋ ವ್ಯವಹಾರ ಗೆದ್ದಿದ್ದೇನೆಂದು ತಿಳಿದಿದ್ದೆನಲ್ಲ, ಅವುಗಳಲ್ಲೆಲ್ಲ ಮುಚ್ಚಳ ಎತ್ತಿ ನೋಡಿದರೆ ತಿರುಪು ಎಷ್ಟರ ಮೇಲೆ ಇದ್ದೀತು? ನೋಡುವ ಧೈರ್ಯವಾಗಲಿಲ್ಲ. ಆ ನೆರೆಯವರು ಗುಳಿಗೆಯನ್ನು ಇಡಿಯಾಗಿಯೇ ನುಂಗುತ್ತಿದ್ದಾರೆಂದು ಮಾತ್ರ ಮರುದಿನ ಗೊತ್ತಾಯಿತು. ಮೊಸರಿನ ಬಟ್ಟಲಿನ ಕೆಲಸ ಅದು.

ಆದ್ದರಿಂದ ಓದುವವರಿಗೆ ನನ್ನ ಕಡೆಯ ಸಲಹೆ: ಡಾಕ್ಟರು ಹೇಳಿದ ಅಂಕಿಯ ಜೊತೆ ಚೌಕಾಸಿ ಮಾಡಬೇಡಿ. ನಾನಂತೂ ಬಿಟ್ಟೆ. ಆದರೆ ದಲಾಲಿಯಾದವನು ಹೇಳಿದ ಬೆಲೆಗೆ ಸುಮ್ಮನೆ ತಲೆಯಾಡಿಸಿದರೆ ಜೀವಕ್ಕೆ ಹತ್ತುವುದಿಲ್ಲ. ಅದಕ್ಕೆ ಈಗ ಸಂತೆಯ ದಿನ ಬೆಳಿಗ್ಗೆ ನೀಲವ್ವ ಚಾವಿ ಹಿಡಿದು ನಿಂತಾಗ ನಮ್ಮಿಬ್ಬರ ಕೈ ಮೇಲೆ ಟವೆಲ್ಲು ಹೊದಿಸುತ್ತೇನೆ. ಒಳಗೆ ನಾನು ಒಂದು ಬೆರಳು ಒತ್ತುತ್ತೇನೆ. ಅವಳು ಮೂರು ಒತ್ತುತ್ತಾಳೆ. ಜಗ್ಗಾಡಿ ಜಗ್ಗಾಡಿ ಕೊನೆಗೆ ಎರಡಕ್ಕೆ ಒಪ್ಪಿಸುತ್ತೇನೆ. ಮೂರಕ್ಕೆ ಕೂತವಳನ್ನು ಎರಡಕ್ಕೆ ಇಳಿಸಿದೆನಲ್ಲ ಎಂಬ ಹೆಮ್ಮೆಯಿಂದ ಸಂತೆಗೆ ಹೊರಡುತ್ತೇನೆ; ಏಳನೆಯ ಹೆಜ್ಜೆಗೆ ಅವಳು ಹಿಂದಿನಿಂದ ಕೂಗುತ್ತಾಳೆ, "ನಳಿಕಿ ಹಚ್ಚಿಕೊಂಡ್ರೇನ್ರಿ?"