ಎರಡೂವರೆ ಗಂಟೆಯ ತಪ್ಪು

ನಮ್ಮ ಭಾವನ ಮನೆಯಲ್ಲಿ ಬಾಳೆಹಣ್ಣಿಗೂ ನಂಬರ್ ಇದೆ! ನಂಬಿಕೆ ಬರದಿದ್ದರೆ ಕುವೈತಿನ ಸಾಲ್ಮಿಯಾದ ಅವರ ಫ್ಲ್ಯಾಟಿಗೆ ಹೋಗಿ ಫ್ರಿಜ್ಜಿನ ಮೇಲಿನ ಬುಟ್ಟಿ ನೋಡಿ. ಒಂದೊಂದು ಹಣ್ಣಿಗೂ ಹಳದಿ ಚೀಟಿ. ಚೀಟಿಯ ಮೇಲೆ ಕ್ರಮಸಂಖ್ಯೆ, ತಂದ ದಿನ, ತಂದವರ ಸಹಿ.

"ಡ್ಯಾಡ್, ಇಟ್ಸ್ ಜಸ್ಟ್ ಎ ಬನಾನಾ" ಎಂದು ಮಗಳು ಗೊಣಗುತ್ತಾಳೆ.

"ಇವತ್ತು ಬಾಳೆಹಣ್ಣು. ನಾಳೆ ಅದೇ ಸಾಕ್ಷ್ಯ" ಎನ್ನುತ್ತಾರೆ ಭಾವ. ಅಕ್ಕ ಮಾತ್ರ ಏನೂ ಹೇಳುವುದಿಲ್ಲ. ಮದುವೆಯಾದ ಮೊದಲ ವರ್ಷವೇ ಹೇಳುವುದನ್ನೆಲ್ಲ ಹೇಳಿ ಮುಗಿಸಿದ್ದಾಳೆ.

ಇದು ಹುಟ್ಟುಗುಣವಲ್ಲ, ಹೊಟ್ಟೆಪಾಡಿನಿಂದ ಅಂಟಿದ್ದು. ಸರ್ಕಾರಿ ವಕೀಲರಿಗೆ ದೊಡ್ಡ ಕ್ರಿಮಿನಲ್ ಕೇಸುಗಳ ಡಿಜಿಟಲ್ ಸಾಕ್ಷ್ಯ ಜೋಡಿಸಿಕೊಡುವ ಸಾಫ್ಟ್‌ವೇರಿನ ಕಂಪನಿಯಲ್ಲಿ ಭಾವನಿಗೆ ಕೆಲಸ. ಆರೋಪಿಗಳ ಫೋನು, ಅಂಗಡಿಗಳ ಕ್ಯಾಮೆರಾ, ಆಫೀಸಿನ ಇಮೇಲು, ಎಲ್ಲವನ್ನೂ ಅದರ ಹೊಟ್ಟೆಗೆ ಹಾಕಿದರೆ ಯಾವ ಗಂಟೆಗೆ ಯಾರು ಎಲ್ಲಿ ಏನು ಮಾಡಿದರು ಎಂದು ಉದ್ದದ ಪಟ್ಟಿ ಹೊರಬರುತ್ತದೆ. ಮೊದಲು ಆರು ಗುಮಾಸ್ತರು ಆರು ತಿಂಗಳು ಕಾಗದ ತಿರುವಿ ಕಂಗೆಡುತ್ತಿದ್ದರಂತೆ. ಈಗ ಭಾವ ಒಬ್ಬರೇ ಒಂದು ವಾರದಲ್ಲಿ ಕಂಗೆಡುತ್ತಾರೆ.

"ಸಾಫ್ಟ್‌ವೇರಿಗೆ ನೆಂಟರಿಲ್ಲ, ಹಾಗಾಗಿ ಸುಳ್ಳು ಹೇಳುದಿಲ್ಲ" ಎನ್ನುವುದು ಅವರ ದೊಡ್ಡ ಮಾತು. ನೆಂಟನಾದ ನನ್ನ ಮುಖ ನೋಡಿಯೇ ಹೇಳುತ್ತಾರೆ.

ಒಮ್ಮೆ ಅಕ್ಕನ ಪ್ರೆಷರ್ ಕುಕ್ಕರ್ ಎರವಲು ಕೇಳಿದೆ. ರಿಜಿಸ್ಟರ್ ಬಂತು. ಕೊಟ್ಟವರ ಸಹಿ, ಪಡೆದವರ ಸಹಿ, ಸೀಟಿಯ ಸ್ಥಿತಿಗತಿ. ಹಿಂದಿರುಗಿಸುವಾಗ ಭಾವ ಕುಕ್ಕರನ್ನು ನಾಲ್ಕೂ ಕಡೆ ಫೋಟೋ ತೆಗೆದರು. ನಾನು ಅದರಲ್ಲಿ ಏನು ಬೇಯಿಸಿದ್ದೆ ಎಂದು ಅವರು ಕೇಳಿದಾಗ ವಕೀಲರನ್ನು ಕರೆಯಬೇಕೇನೋ ಅನ್ನಿಸಿತು.

ಇನ್ನೊಮ್ಮೆ ಕರಿದ ಬಂಗುಡೆಯೊಂದು ತಟ್ಟೆಯಿಂದ ಕಾಣೆಯಾಯಿತು. ಭಾವ ಮನೆಯವರ ಮೊಬೈಲುಗಳನ್ನೆಲ್ಲ ಕೇಳಿ ತೆಗೆದುಕೊಂಡು, ಯಾರು ಯಾವಾಗ ಯಾರಿಗೆ ಮೆಸೇಜು ಕಳಿಸಿದ್ದರು ಎಂದು ಪಟ್ಟಿ ಹಾಕಿದರು. ಆ ಹೊತ್ತಿಗೆ ಫೋನು ಮುಟ್ಟದೆ ಇದ್ದವನು ನಾನೊಬ್ಬನೇ. "ಕೈ ಎಣ್ಣೆಯಾಗಿತ್ತು, ಅದಕ್ಕೇ ಮುಟ್ಟಲಿಲ್ಲ" ಎಂದು ತೀರ್ಪಾಯಿತು. ಅಷ್ಟರಲ್ಲಿ ಅಕ್ಕ ಒಳಗಿನಿಂದ, "ಅದು ನಾನು ಕೆಳಗಿನ ವಾಚ್‌ಮ್ಯಾನಿಗೆ ಕೊಟ್ಟದ್ದು ಮಾರಾಯ್ರೆ" ಅಂದಳು. ಭಾವ ಕ್ಷಮೆ ಕೇಳಿದರೇ? ಎಲ್ಲಿ ಬಂತು! "ಸಾಕ್ಷ್ಯ ನಿನ್ನ ವಿರುದ್ಧವೇ ಇತ್ತು. ಸತ್ಯ ಬೇರೆ ವಿಷಯ" ಎಂದು ಮತ್ತೊಂದು ಬಂಗುಡೆ ನನ್ನ ತಟ್ಟೆಗೆ ಹಾಕಿದರು.

ಆ ಮನೆಯಲ್ಲಿ ಭಾವನ ಕಾನೂನಿಗೆ ಬಗ್ಗದ ವಸ್ತು ಒಂದೇ: ಅಡುಗೆಮನೆಯ ಗೋಡೆ ಗಡಿಯಾರ. ಅಕ್ಕ ಅದನ್ನು ಊರಿನ ಸಮಯಕ್ಕೆ ಇಟ್ಟಿದ್ದಾಳೆ, ಕುವೈತಿಗಿಂತ ಎರಡೂವರೆ ಗಂಟೆ ಮುಂದೆ. ಮಂಗಳೂರಿನಲ್ಲಿ ಅಮ್ಮ ಎದ್ದರೋ, ಉಂಡರೋ, ತಂಗಿ ಕೆಲಸದಿಂದ ಬಂದಳೋ ಎಂದು ಅವಳಿಗೆ ಒಗ್ಗರಣೆ ಹಾಕುತ್ತಲೇ ತಿಳಿಯಬೇಕು. ಭಾವನಿಗೆ ಅದು ಕಣ್ಣಲ್ಲಿ ಬಿದ್ದ ಕಸ. ತೆಗೆಸಲಾಗದೆ ಕೆಳಗೊಂದು ಹಳದಿ ಚೀಟಿ ಅಂಟಿಸಿದ್ದರು: "ಎರಡೂವರೆ ಗಂಟೆ ತಪ್ಪು."

ಹೀಗಿರುವಾಗ ಹಮೀದಾಕನನ್ನು ಪೊಲೀಸರು ಹಿಡಿದುಕೊಂಡು ಹೋದರು.

ಹಮೀದಾಕ ಬಂಟ್ವಾಳ ಕಡೆಯ ಬ್ಯಾರಿ, ಫಹಾಹೀಲಿನಲ್ಲಿ ನನ್ನ ಆಫೀಸಿನ ಪಕ್ಕದ ಗೋದಾಮಿನ ಸ್ಟೋರ್‌ಕೀಪರ್. ನನಗೆ ಕಾರಿಲ್ಲದ ಎರಡು ವರ್ಷ ದಿನಾ ತನ್ನ ಪಿಕಪ್ಪಿನಲ್ಲಿ ಕೂರಿಸಿಕೊಂಡು ಬಂದವರು. ಒಂದು ಶುಕ್ರವಾರ ಮಧ್ಯಾಹ್ನ ಒಂದರಿಂದ ಎರಡರ ನಡುವೆ ಆ ಗೋದಾಮಿಗೆ ಕಳ್ಳರು ನುಗ್ಗಿ ಸಾಮಾನು ಸಾಗಿಸಿದ್ದರು. ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ ವ್ಯಾನು ಕಂಡಿತ್ತು, ಮುಖಗಳು ಕಂಡಿರಲಿಲ್ಲ. ಹನ್ನೊಂದಕ್ಕೇ ಬೀಗ ಹಾಕಿ ಮಸೀದಿಗೆ ಹೋದೆ ಎಂದರು ಹಮೀದಾಕ. ದಿನಾ ಬೀಗ ಹಾಕಿದ ಮೇಲೆ ಅದರ ಫೋಟೋ ತೆಗೆದಿಡುವ ಅಭ್ಯಾಸ ಅವರಿಗೆ. ಆ ದಿನದ ಫೋಟೋದ ಮೇಲೆ ಇದ್ದ ಸಮಯ ಒಂದೂವರೆ. ಅಂದರೆ ಕಳ್ಳತನದ ಹೊತ್ತಿಗೆ ಅವರು ಅಲ್ಲೇ ಇದ್ದರು! ರುಜುವಾದರೆ ಜೈಲು, ಆಮೇಲೆ ಇಲ್ಲಿರಲು ಕೊಟ್ಟ ಪರವಾನಗಿ, ಆ ಇಕಾಮಾ ಖಲಾಸ್, ಕಳ್ಳನೆಂಬ ಹೆಸರು ಹೊತ್ತು ಊರಿಗೆ.

ನಾನು ಭಾವನ ಮನೆಗೆ ಓಡಿದೆ. "ಭಾವ, ನಮ್ಮ ಹಮೀದಾಕ ಅಂಥವರಲ್ಲ..." ಎನ್ನುವಷ್ಟರಲ್ಲಿ ಅವರು ಕೈ ಎತ್ತಿದರು. "ಆ ಹೆಸರು ಈ ಮನೆಯಲ್ಲಿ ಬೇಡ." ಕೇಸು ಅವರ ಮೇಜಿನ ಮೇಲೇ ಇದೆ ಎಂದು ನನಗೆ ಆಗ ಗೊತ್ತಾಯಿತು. ಅಂದಿನಿಂದ ಭಾವ ನನ್ನೊಡನೆ ಮಾತೇ ಬಿಟ್ಟರು. ಊಟಕ್ಕೆ ಕೂತರೆ "ನಿನ್ನ ತಮ್ಮನಿಗೆ ಸಾರು ಬೇಕಾ ಕೇಳು" ಎಂದು ಅಕ್ಕನ ಮೂಲಕ ವಿಚಾರಣೆ. ನನಗೆ ಸಿಟ್ಟು ನೆತ್ತಿಗೇರಿತ್ತು. ಬಾಳೆಹಣ್ಣಿಗೆ ಇರುವ ಮರ್ಯಾದೆ ಮನುಷ್ಯನಿಗೆ ಇಲ್ಲವೇ?

ಮೂರನೆಯ ವಾರದ ಶುಕ್ರವಾರ. ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಭಾವ ಸಿಂಕಿನ ಬಳಿ ಮೀನು ಕ್ಲೀನ್ ಮಾಡುತ್ತಿದ್ದರು. ನಾನು ಅಕ್ಕನಿಗೆ, "ಅಮ್ಮನಿಗೆ ಫೋನ್ ಮಾಡುವ" ಅಂದೆ.

"ಈಗ ಬೇಡ. ಅಮ್ಮ ಉಂಡು ಮಲಗುವ ಹೊತ್ತು. ಒಂದೂವರೆ ಆಯ್ತಲ್ಲ" ಅಂದಳು ಅಕ್ಕ.

"ಎಂತ ಒಂದೂವರೆ? ಹನ್ನೊಂದು ಗಂಟೆ" ಎಂದು ತಿದ್ದಲು ಭಾವ ತಿರುಗಿದರು. ಗಡಿಯಾರ ನೋಡಿದರು. ಕೆಳಗಿನ ಚೀಟಿ ನೋಡಿದರು. ಕೈಯಲ್ಲಿದ್ದ ಬಂಗುಡೆ ಸಿಂಕಿಗೆ ಬಿತ್ತು. ಕೈಗೆ ಅಂಟಿದ್ದ ಮೀನಿನ ಹುರುಪೆಯನ್ನೂ ತೊಳೆಯದೆ ಕಾರಿನ ಕೀಲಿ ಹಿಡಿದು ಹೊರಟರು. ರಜಾದಿನ ಎಂಬುದೂ ನೆನಪಾಗಲಿಲ್ಲ. ಕೀಲಿ ತೆಗೆದುಕೊಂಡದ್ದಕ್ಕೆ ರಿಜಿಸ್ಟರಿನಲ್ಲಿ ಸಹಿ ಹಾಕದೆ ಅವರು ಹೋದದ್ದು ಅದೇ ಮೊದಲು.

ಮುಂದಿನದರ ಬಗ್ಗೆ ಭಾವ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಹತ್ತು ದಿನದ ನಂತರ ಬಿಡುಗಡೆಯಾಗಿ ಬಂದ ಹಮೀದಾಕನೇ ಚಹಾದಂಗಡಿಯಲ್ಲಿ ಹೇಳಿದ್ದು.

"ಸರ್ಕಾರಿ ವಕೀಲರ ಆಫೀಸಿನಲ್ಲಿ ದೊಡ್ಡ ಸಾಹೇಬರ ಎದುರು ಕೂರಿಸಿದ್ರು ಮಾರಾಯ. ಒಬ್ಬರು ಕನ್ನಡಕದವರು ಇದ್ರು, ಕಿಸೆ ತುಂಬ ಹಳದಿ ಚೀಟಿ. ಸಾಹೇಬರ ಒಪ್ಪಿಗೆ ಕೇಳಿ, ನಮ್ಮ ಕನ್ನಡದಲ್ಲೇ ಕೇಳಿದ್ರು: ನಿಮ್ಮ ಫೋನಿನಲ್ಲಿ ಎಲ್ಲಿಯ ಟೈಮು ಇಟ್ಟದ್ದು ಅಂತ. ಊರಿನದ್ದು, ಮತ್ತೆ ಎಲ್ಲಿಯದ್ದು ಇಡುದು ಅಂದೆ. ಮಕ್ಕಳು ಶಾಲೆಗೆ ಹೋಗುವ ಹೊತ್ತು ಗೊತ್ತಾಗಬೇಡವಾ?"

"ಮೊದಲೇ ಯಾಕೆ ಹೇಳಲಿಲ್ಲ ಹಮೀದಾಕ?"

"ಯಾರೂ ಕೇಳಲಿಲ್ಲ. ಎಲ್ಲರೂ ಹಾಗೇ ಇಡುದಲ್ವಾ?"

ಸೀಲು ಒಡೆದು ಫೋನು ಹೊರತೆಗೆದರಂತೆ. ಅಲ್ಲಿನ ಗೋಡೆಯ ಗಡಿಯಾರಕ್ಕಿಂತ ಸರಿಯಾಗಿ ಎರಡೂವರೆ ಗಂಟೆ ಮುಂದೆ. ಕುವೈತಿನಲ್ಲಿ ಸಿಕ್ಕಿದ ಫೋನಿನಲ್ಲಿ ಕುವೈತಿನದೇ ಗಂಟೆ ಎಂದು ಸಾಫ್ಟ್‌ವೇರಿಗೆ ಹೇಳಿಕೊಟ್ಟವರು ಅದೇ ಕನ್ನಡಕದವರು. "ಎದ್ದು ನಿಂತು, ತಪ್ಪು ಯಂತ್ರದ್ದಲ್ಲ, ನನ್ನದು ಅಂದ್ರು. ಅವರ ಕೆಲಸ ಹೋದ್ರೆ ಎಂತ ಮಾಡುದು ಅಂತ ನನಗೇ ಹೆದರಿಕೆ ಆಯ್ತು. ಯಾರೋ ಏನೋ, ದೇವರು ಅವರನ್ನು ಚೆನ್ನಾಗಿಡಲಿ. ಆದ್ರೆ ಫೋನು ವಾಪಸು ಕೊಡುವಾಗ ಮೂರು ಕಡೆ ಸಹಿ ಹಾಕಿಸಿದ್ರು."

ಯಾರೆಂದು ನಾನು ಹೇಳಲಿಲ್ಲ. ಹೇಳಿದರೆ ಭಾವ ಇನ್ನು ಮೂರು ವರ್ಷ ಮಾತು ಬಿಟ್ಟಾರು.

ಆ ವಾರದ ಶುಕ್ರವಾರ ಸಾಲ್ಮಿಯಾಕ್ಕೆ ಹೋದಾಗ ಬಾಗಿಲು ತೆಗೆದವರು ಭಾವನೇ. ಕೆಲಸ ಉಳಿದಿತ್ತು, ಮುಖ ಮಾತ್ರ ಇಳಿದಿತ್ತು. "ಚಪ್ಪಲಿ ಎಡಗಡೆ ಇಡು" ಅಂದರು. ಒಂದು ತಿಂಗಳ ನಂತರ ನನಗೆಂದೇ ಆಡಿದ ಮಾತು ಅದು. ಅವರ ಕಾಲು ಮುಟ್ಟಬೇಕು ಅನ್ನಿಸಿತು. ಆ ಹೆಸರನ್ನೂ ಎತ್ತುವಂತಿಲ್ಲ, ಥ್ಯಾಂಕ್ಸ್ ಕೂಡ ಹೇಳುವಂತಿಲ್ಲ. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ನಡೆದೆ.

ಗಡಿಯಾರದ ಕೆಳಗಿನ ಹಳೆಯ ಚೀಟಿ ಇರಲಿಲ್ಲ. ಹೊಸದೊಂದು ಇತ್ತು: "ಊರಿನ ಗಂಟೆ. ಸರಿಯಾಗಿದೆ." ಕೆಳಗೆ ಭಾವನ ಸಹಿ. ಅದರ ಕೆಳಗೆ ಒಂದು ಖಾಲಿ ಗೆರೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ "ಸಾಕ್ಷಿ" ಎಂದಿತ್ತು. ತಿರುಗಿ ನೋಡಿದರೆ ಭಾವ ನನ್ನ ಹಿಂದೆಯೇ ನಿಂತು ಪೆನ್ನು ಚಾಚಿದ್ದರು.

ಪೆನ್ನು ತೆಗೆದುಕೊಂಡು ಸಹಿ ಹಾಕಿದೆ.